ಇಂಗಾಲ ಹಾಕಿದ ಕರು

ಆ ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನು ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು, ಹಂಡೆಗೆ ಉರಿ ಹಚ್ಚಿದ್ದು, ಹಾಲು ಕಾಯಿಸಿದ್ದು, ಅದು ಉಕ್ಕಿದ್ದು, ಒಲೆ ಒರೆಸಿದ್ದು, ಅತ್ತೆಗೆ ಕಾಫಿ ಕೊಟ್ಟಿದ್ದು, ಸಕ್ಕರೆ ಕಡಿಮೆ ಎಂದರೆಂದು ಇನ್ನೊಂದು ಚಮಚ ಹಾಕಿದ್ದು, ಈಗ ಪಾನಕ ಆಯಿತು ಎಂದದ್ದನ್ನು ಕೇಳಿಸಿಕೊಳ್ಳದವಳ ಹಾಗೆ ಒಳಗೆ ಹೋದದ್ದು, ನಮ್ಮವರ ಡಬ್ಬಿಗೆ ಅವರೆಕಾಳಿನ ಉಪ್ಪಿಟ್ಟು ತುಂಬಿದ್ದು, ಹುಣಸೆ ಬೀಜ ತೊಳೆದು ಸೆರಗಿನಲ್ಲಿ ಒರೆಸಿದ್ದು, ಮೀಥೇನಿಗೆ ಮುತ್ತಿದ್ದ ಇರುವೆ ಕೊಡವಿದ್ದು.

ಕೊನೆಯ ಎರಡು ಕೆಲಸ ಎಲ್ಲರ ಮನೆಯಲ್ಲೂ ಇರುವಂಥದ್ದಲ್ಲ. ಆದ್ದರಿಂದ ಮೊದಲಿಂದ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವು ಹಳೇಬೀಡಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಬೇಲೂರಿನಲ್ಲಿ ಗುಮಾಸ್ತೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸ್ಸು. ನಾನು ಹಳೇಬೀಡಿನಲ್ಲೇ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನಮ್ಮ ಜೊತೆಗೆ ಇದ್ದವರು ಅತ್ತೆ. ಹಾರನಹಳ್ಳಿಯ ಮನೆಯಿಂದ ಬರುವಾಗ ಅವರು ತಮ್ಮದು ಎಂದು ತಂದ ಸಾಮಾನು ಎರಡೇ, ಒಂದು ಹಿತ್ತಾಳೆ ಚೊಂಬು, ಇನ್ನೊಂದು ಅಳಗುಳಿ ಮಣೆ. ಹಲಸಿನ ಮರದ್ದು. ಎರಡು ಸಾಲು, ಸಾಲಿಗೆ ಏಳು ಗುಳಿ, ಆಡಿ ಆಡಿ ಗುಳಿಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತರೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೋತು ಹೋಗುವರು. ಗುಳಿಗೆ ಒಂದೊಂದೇ ಬೀಜ ಹಾಕುತ್ತಾ ಹೋಗುವುದು, ಯಾವುದಾದರೂ ಗುಳಿಯಲ್ಲಿ ನಾಲ್ಕು ಬೀಜ ಆಯಿತೋ, ಅದು ಕರು. ಯಾರ ಸಾಲಿನ ಗುಳಿಯೋ ಅವರು "ಕರು!" ಎಂದು ಕೂಗಿ ನಾಲ್ಕನ್ನೂ ಬಾಚಿಕೊಳ್ಳಬೇಕು. ಬೇರೆ ಕಡೆ ಬೇರೆ ಹೆಸರಿರಬಹುದು, ನಮ್ಮ ಕಡೆ ಇದು ಕರುವೇ. ಬಾಚಲು ಮರೆತರೆ ಹೋಯಿತು. ಹಾಗಾಗಿ ಈ ಸೀಮೆಯಲ್ಲಿ ಹುಟ್ಟಿದವರ ಕೈಗೆ ಒಂದು ರೋಗ ಇರುತ್ತದೆ: ಗುಳಿಯಲ್ಲಿ ನಾಲ್ಕು ಕಂಡರೆ ತಲೆಗೆ ಗೊತ್ತಾಗುವ ಮುಂಚೆ ಕೈ ಹೋಗಿರುತ್ತದೆ.

ಇನ್ನು ಶಾಲೆ. ನಮ್ಮ ಪ್ರಯೋಗಾಲಯ ಎಂದರೆ ಒಂದು ಬೀರು. ಅದರ ಬೀಗದ ಕೈ ಹೆಡ್ಮಾಸ್ತರ ಜನಿವಾರದಲ್ಲಿ. ಒಂದು ಪ್ರನಾಳ ಬೇಕಾದರೂ ಅವರು ಕೋಟಿನ ಗುಂಡಿ, ಅಂಗಿಯ ಗುಂಡಿ ಬಿಚ್ಚಿ ಒಳಗೆ ಕೈ ಹಾಕಿ ತಡಕಾಡಬೇಕು. ಮಕ್ಕಳು ಅದನ್ನೇ ಪ್ರಯೋಗ ಎಂದುಕೊಂಡು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಳಗಿದ್ದದ್ದೂ ಅಷ್ಟರಲ್ಲೇ. ಮೂತಿ ಒಡೆದ ಬ್ಯೂರೆಟ್ಟು, ಚೀಟಿ ಉದುರಿಹೋದ ಬಾಟಲಿಗಳು, ಯಾವ ಕಾಲದ್ದೋ ಒಂದು ಸತ್ತ ಹಲ್ಲಿ.

ಒಂಬತ್ತನೇ ತರಗತಿಗೆ ನಾನು ಪರಮಾಣುಗಳು ಹೇಗೆ ಒಂದಕ್ಕೊಂದು ಸೇರುತ್ತವೆ ಎಂಬ ಪಾಠ ಮಾಡಬೇಕಿತ್ತು. ಬೋರ್ಡಿನ ಮೇಲೆ ಉಂಗುರ ಬರೆದೆ, ಚುಕ್ಕೆ ಇಟ್ಟೆ. ಸೋಡಿಯಂ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಡುತ್ತದೆ, ಆಗ ಉಪ್ಪಾಗುತ್ತದೆ ಎಂದೆ.

"ಯಾಕ್ ಮಿಸ್ ಕೊಡ್ತೈತೆ? ನೆಂಟ್ರಾ?" ಎಂದಳು ಮುಂದಿನ ಸಾಲಿನ ಹುಡುಗಿ. ಮಾದಿಹಳ್ಳಿಯಿಂದ ಬರುತ್ತಿದ್ದವಳು, ಎರಡು ಜಡೆ, ಬಾಯಿ ಮಾತ್ರ ನಾಲ್ಕು ಜನರದ್ದು.

"ನೆಂಟರಲ್ಲ. ಕ್ಲೋರಿನ್ ಹತ್ತಿರ ಏಳಿದೆ, ಎಂಟಾದರೆ ಅದಕ್ಕೆ ನೆಮ್ಮದಿ."

"ನೀವ್ ನೋಡಿದೀರಾ ಮಿಸ್, ಕೊಟ್ಟಿದ್ನ?"

"ಇಲ್ಲ ಕಣೇ, ಎಲೆಕ್ಟ್ರಾನ್ ಕಣ್ಣಿಗೆ ಕಾಣಲ್ಲ."

"ಮತ್ತೆ!" ಎಂದು ಅವಳು ಕೂತಳು. ಇಡೀ ತರಗತಿ ನನ್ನನ್ನು ಕನಿಕರದಿಂದ ನೋಡಿತು.

ಆ ಭಾನುವಾರ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಅತ್ತೆ ಪಕ್ಕದ ಮನೆಯವರನ್ನು ಸೋಲಿಸುತ್ತಿದ್ದರು. ಒಂದು ಗುಳಿಯಲ್ಲಿ ಏಳು ಬೀಜ, ಅದರ ಪಕ್ಕದ್ದರಲ್ಲಿ ಒಂದೇ ಒಂದು. ನಾನು ಮೊರ ಕೆಳಗಿಟ್ಟು "ಉಪ್ಪು!" ಎಂದೆ.

"ಸಾರಿಗೆ ಹಾಕಿಲ್ವಾ?" ಎಂದರು ಅತ್ತೆ.

ಮಣೆಯನ್ನು ಶಾಲೆಗೆ ಒಯ್ಯುತ್ತೇನೆ ಎಂದು ಕೇಳಿದ್ದಕ್ಕೆ ಅವರು ಮೊದಲು ಒಪ್ಪಲಿಲ್ಲ.

"ಮಣೆ ತಗೊಂಡ್ಹೋಗಿ ಏನ್ ಪಾಠ ಮಾಡ್ತೀಯೇ? ನಿಂಗೇ ಆಟ ನೆಟ್ಟಗೆ ಬರಲ್ಲ."

"ಆಟ ಅಲ್ಲ ಅತ್ತೆ, ಗುಳಿ ಒಂದು ಪರಮಾಣು, ಬೀಜ ಎಲೆಕ್ಟ್ರಾನು. ಮಕ್ಕಳಿಗೆ ಕಣ್ಣಾರೆ ಕಾಣತ್ತೆ."

"ಮಧ್ಯಾಹ್ನ ನನಗೆ?"

"ಬೆಳಿಗ್ಗೆ ಪಿರಿಯಡ್ಡು. ಮಧ್ಯಾಹ್ನ ಊಟಕ್ಕೆ ಬರುವಾಗ ತಂದುಬಿಡ್ತೀನಿ."

"ಒಂದು ಬೀಜ ಕಮ್ಮಿ ಆದ್ರೂ ನೋಡು," ಎಂದು ಕೊಟ್ಟರು.

ಆಮೇಲೆ ನೋಡಬೇಕಿತ್ತು ನೀವು. ಮೇಜಿನ ಮೇಲೆ ಮಣೆ, ಸುತ್ತ ಮಕ್ಕಳು, ಹಿಂದಿನವರು ಬೆಂಚಿನ ಮೇಲೆ. ಸೋಡಿಯಂನ ಗುಳಿಯಿಂದ ಒಂದು ಬೀಜ ಎತ್ತಿ ಕ್ಲೋರಿನ್‌ನ ಗುಳಿಗೆ ಹಾಕಿದ ಕೂಡಲೇ "ಎಂಟಾಯ್ತು, ಎಂಟಾಯ್ತು!" ಎಂದು ಕೂಗು. ಮೆಗ್ನೀಸಿಯಂ ಎರಡು ಬೀಜ ಇಟ್ಟುಕೊಂಡು ಕೂತರೆ ಅವರೇ ಎರಡು ಕ್ಲೋರಿನ್ ಹುಡುಕಿ ತಂದರು. ಕೊಡುವುದು, ತಗೊಳ್ಳುವುದು, ಎಂಟು ಮಾಡುವುದು. ಬೋರ್ಡಿನ ಮೇಲೆ ತಿಂಗಳುಗಟ್ಟಲೆ ಬರೆದರೂ ಇಳಿಯದ್ದು ಒಂದೇ ಪಿರಿಯಡ್ಡಿಗೆ ಇಳಿಯಿತು. ಉಪ್ಪು ಆದಾಗಲೆಲ್ಲ ಚಪ್ಪಾಳೆ.

ಆ ಚಪ್ಪಾಳೆಗೆ ಹೆಡ್ಮಾಸ್ತರು ಬಂದರು. ಮಣೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನಮ್ಮ ಇದು, ಶಾಲೆಯೋ ಶಿವರಾತ್ರಿ ಜಾಗರಣೆಯೋ?"

"ಸಾರ್, ಅಯಾನಿಕ ಬಂಧ."

"ಬಂಧವೋ ಬಂಧುವೋ, ಮಣೆ ಮಣೆಯೇ. ಮುಂದಿನ ಶುಕ್ರವಾರ ಹಾಸನದಿಂದ ವಿಷಯ ಪರಿವೀಕ್ಷಕರು ಬರ್ತಾರೆ. ನಿಮ್ಮ ಪಾಠವನ್ನೇ ನೋಡಲಿ. ಅವರು ಸರಿ ಅಂದ್ರೆ ಸರಿ. ಹುಬ್ಬು ಗಂಟು ಹಾಕಿದ್ರೋ, ಸೋಮವಾರದಿಂದ ಈ ರಸಾಯನಶಾಸ್ತ್ರ ಗಣಿತದ ಮೇಷ್ಟ್ರಿಗೆ. ನೀವು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡಿ."

ಗಣಿತದ ಮೇಷ್ಟ್ರು ಒಳ್ಳೆಯವರೇ. ಆದರೆ ಅವರು ಎಲ್ಲವನ್ನೂ ಉಕ್ತಲೇಖನ ಮಾಡಿಸುತ್ತಿದ್ದರು, ಗಣಿತವನ್ನೂ. ಅವರೇ ಬಂದು "ತಾಯೀ, ಹೆಂಗಾದ್ರೂ ಮಾಡಿ ಉಳಿಸ್ಕೊಳ್ಳಿ. ಆ ಬಾಟಲಿಗಳನ್ನ ಕಂಡ್ರೆ ನನಗೆ ಭಯ" ಎಂದು ಕೈ ಮುಗಿದರು. ನನಗೋ ಹೊಲಿಗೆ ಬರುವುದಿಲ್ಲ. ನಮ್ಮವರ ಅಂಗಿಗೆ ಗುಂಡಿ ಹಾಕಿದರೆ ಅದು ಪಕ್ಕದ ತೂತಿಗೆ ನೇರವಾಗುತ್ತಿತ್ತು. ಅದೂ ಹೋಗಲಿ. ನಾನು ಓದುವಾಗ ಈ ಪಾಠವನ್ನು ಬಾಯಿಪಾಠ ಮಾಡಿ ಪಾಸಾದವಳು. ಪರಮಾಣುಗಳು ಏಕೆ ಸೇರುತ್ತವೆ ಎಂದು ಒಳಗೆ ತಿಳಿದದ್ದು ಆ ಭಾನುವಾರ, ಜಗಲಿಯ ಮೇಲೆ. ತಿಳಿದದ್ದನ್ನು ತಿಳಿಸುವ ರುಚಿ ಆಗಷ್ಟೇ ಹತ್ತಿತ್ತು. ಅದನ್ನು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಪರಿವೀಕ್ಷಕರು ಬರುವ ದಿನದ ಪಾಠ ಯಾವುದಪ್ಪ ಎಂದರೆ ಇಂಗಾಲ. ಅಲ್ಲಿ ಶುರುವಾಯಿತು ಗ್ರಹಚಾರ.

ಇಂಗಾಲದ ಹೊರಗಿನ ಕವಚದಲ್ಲಿ ಎಲೆಕ್ಟ್ರಾನುಗಳು ನಾಲ್ಕು.

ಪರಿವೀಕ್ಷಕರು ಬರುವ ವಾರದ ಸೋಮವಾರ ನಾನು ಸಾಲಿನ ನಡುವಿನ ಗುಳಿಗೆ ನಾಲ್ಕು ಬೀಜ ಹಾಕಿ "ಇದು ಇಂಗಾಲ" ಎನ್ನುವಷ್ಟರಲ್ಲಿ ಮಾದಿಹಳ್ಳಿಯ ಹುಡುಗಿ "ಕರು!" ಎಂದು ನಾಲ್ಕನ್ನೂ ಬಾಚಿದಳು. ತರಗತಿ ಹೋ ಎಂದಿತು.

"ಏ, ವಾಪಸ್ ಹಾಕೇ. ಅದು ಇಂಗಾಲ."

"ತಪ್ಪಾಯ್ತು ಮಿಸ್, ಕೈ ಹೋಯ್ತು."

ಮತ್ತೆ ಹಾಕಿದೆ. ಈ ಸಲ ಹಿಂದಿನಿಂದ ಒಬ್ಬ ಹುಡುಗನ ಉದ್ದನೆಯ ಕೈ ಬಂತು. ಮಂಗಳವಾರ ಕೈ ಕಟ್ಟಿಸಿ ನಿಲ್ಲಿಸಿದೆ. ಕಟ್ಟಿದ ಕೈ ಬಿಚ್ಚಿಕೊಂಡು ಬಂತು. ಬುಧವಾರ ಎಲ್ಲರಿಗೂ ಅವರವರ ಕಿವಿ ಹಿಡಿದುಕೊಳ್ಳಲು ಹೇಳಿದೆ. ಆಗ ಯಾರೂ ಬಾಚಲಿಲ್ಲ. ಬಾಚಿದ್ದು ನಾನು. ಪಾಠ ಮಾಡುತ್ತಾ ಮಾಡುತ್ತಾ ಗುಳಿ ನೋಡಿದೆ, ನಾಲ್ಕಿತ್ತು, ನನ್ನ ಕೈಯೇ ಹೋಗಿಬಿಟ್ಟಿತು. ಮಕ್ಕಳು ಕಿವಿ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು.

ಮನೆಯಲ್ಲಿ ಅತ್ತೆಯ ಮುಂದೆ ತೋಡಿಕೊಂಡೆ.

"ನಾಲ್ಕು ಬಿದ್ದ ಮೇಲೆ ತೆಗೀದೆ ಇರೋಕೆ ಯಾರ ಕೈಲಿ ಆಗತ್ತೇ?" ಎಂದರು. "ನಿಮ್ಮ ಇಂಗಾಲಕ್ಕೆ ಬುದ್ಧಿ ಇಲ್ಲ. ಮೂರೋ ಐದೋ ಇಟ್ಕೋಬಾರದಾ?"

"ಅದು ನಾವು ಹೇಳೋದಲ್ಲ ಅತ್ತೆ."

"ಮತ್ತೆ ಆ ನಾಲ್ಕನ್ನ ಅದು ಏನ್ ಮಾಡ್ತದೆ?"

"ಕೊಡೋದೂ ಇಲ್ಲ, ಕಿತ್ಕೊಳ್ಳೋದೂ ಇಲ್ಲ. ಅಕ್ಕಪಕ್ಕದ ಜಲಜನಕದ ಜೊತೆ ಹಂಚ್ಕೊಳ್ಳತ್ತೆ. ಇದರದೊಂದು, ಅದರದೊಂದು, ಎರಡನ್ನೂ ಇಬ್ಬರ ನಡುವೆ ಇಟ್ಕೊಂಡು ಎರಡೂ ತಮ್ಮದೇ ಅಂದ್ಕೊಳ್ಳತ್ವೆ."

ಅತ್ತೆ ಮಣೆಯ ಮೇಲೆ ಬೆರಳಾಡಿಸಿದರು. "ಗುಳಿ ನಡುವೆ ಏಣು, ಗೋಡೆ ಥರ ಎದ್ದಿದೆಯಲ್ಲ, ಅದರ ಮೇಲೆ ಇಡು."

ಸರಿಯಾದ ಜಾಗ. ಆದರೆ ಹುಣಸೆ ಬೀಜ ಏಣಿನ ಮೇಲೆ ನಿಲ್ಲಬೇಕಲ್ಲ? ಗುರುವಾರ ತರಗತಿಯಲ್ಲಿ ಹಾಗೆ ಇಟ್ಟು ಪಾಠ ಹೇಳಿದರೆ ಜಾರಿ ಜಾರಿ ಬೀಳುತ್ತಿತ್ತು. ಅಂದು ರಾತ್ರಿ ಬೆಲ್ಲದ ಪಾಕ ಸವರಿ ಅಂಟಿಸಿ ನೋಡಿದೆ. ನಡುವೆ ಇಂಗಾಲ, ಎಡಕ್ಕೊಂದು, ಬಲಕ್ಕೊಂದು, ಎದುರು ಸಾಲಿನಲ್ಲಿ ಓರೆಯಾಗಿ ಎರಡು, ಒಟ್ಟು ನಾಲ್ಕು ಜಲಜನಕ, ಏಣಿನ ಮೇಲೆ ಜೋಡಿ ಜೋಡಿ ಬೀಜ. ಚೆನ್ನಾಗಿ ನಿಂತಿತು ಮೀಥೇನು. ಬೆಳಿಗ್ಗೆ ಎದ್ದು ನೋಡಿದರೆ ಅದರ ತುಂಬ ಇರುವೆ. ಆ ಇರುವೆಯೇ ನಾನು ಮೊದಲು ಹೇಳಿದ್ದು. ಆಮೇಲೆ ಅಕ್ಕಿ ಹಿಟ್ಟಿನ ಅಂಟು ಮಾಡಿಕೊಂಡು ಒಂದು ಡಬ್ಬಿಗೆ ಹಾಕಿಕೊಂಡೆ.

ಪರಿವೀಕ್ಷಕರು ಹಾಸನದ ಬಸ್ಸಿಗೆ ಬಂದಿಳಿದರು. ಬೆಳ್ಳನೆಯ ಅಂಗಿ, ಕಂಕುಳಲ್ಲಿ ಚೀಲ, ಮುಖದಲ್ಲಿ ಪ್ರಯಾಣದ ಸುಸ್ತು. ಹೆಡ್ಮಾಸ್ತರು ಕಾಫಿ ಕೊಡಿಸಿ ಕರೆತಂದರು. ಬಂದವರು ಮೇಜಿನ ಮೇಲಿನ ಮಣೆ ನೋಡಿ ಹುಬ್ಬು ಗಂಟು ಹಾಕಿದರು. ಹೆಡ್ಮಾಸ್ತರು ನನ್ನ ಕಡೆ ನೋಡಿದ ನೋಟದಲ್ಲಿ ಸೂಜಿ ದಾರ ಎರಡೂ ಇದ್ದವು.

"ಇದೇನು?"

"ಪಾಠೋಪಕರಣ ಸಾರ್," ಎಂದೆ.

"ಹೂಂ. ನಡೆಸಿ."

ಉಪ್ಪು ಮಾಡಿಸಿದೆ. ಅವರು ಹೂಂ ಎನ್ನಲಿಲ್ಲ. ಮೆಗ್ನೀಸಿಯಂ ಮಾಡಿಸಿದೆ. ಅವರು ಕಿಟಕಿಯಾಚೆ ನೋಡಿದರು. ಇನ್ನು ತಡೆದು ಪ್ರಯೋಜನವಿಲ್ಲ ಎಂದು ಮಕ್ಕಳ ಕಡೆ ತಿರುಗಿ "ಕಿವಿ" ಎಂದೆ. ಅಷ್ಟೂ ಮಕ್ಕಳು ಕಿವಿ ಹಿಡಿದುಕೊಂಡರು. ನಾನೂ ಎಡಗೈಯಲ್ಲಿ ನನ್ನ ಕಿವಿ ಹಿಡಿದುಕೊಂಡೆ.

"ಶಿಕ್ಷೆ ಯಾಕೆ?" ಎಂದರು ಪರಿವೀಕ್ಷಕರು.

"ಶಿಕ್ಷೆ ಅಲ್ಲ ಸಾರ್, ಮುನ್ನೆಚ್ಚರಿಕೆ," ಎಂದು ಗುಳಿಗೆ ಒಂದು, ಎರಡು, ಮೂರು ಬೀಜ ಹಾಕಿದೆ. ನಾಲ್ಕನೆಯದು ಟಕ್ ಎಂದು ಬಿತ್ತು.

ಅವರು ನೋಡಲೆಂದು ಮೇಜಿನ ಹತ್ತಿರ ಬಾಗಿದರು. ಒಂದು ಕೈ ಬಂತು. ಬೆಳ್ಳನೆಯ ತೋಳು, ಕೈಗಡಿಯಾರ. ನಾಲ್ಕು ಬೀಜವೂ ಮಾಯ.

"ಕರು," ಎಂದರು ಪರಿವೀಕ್ಷಕರು ಮೆಲ್ಲಗೆ.

ಆಮೇಲೆ ತಮ್ಮ ಮುಷ್ಟಿಯನ್ನು ತಾವೇ ನೋಡಿಕೊಂಡರು. ಮಕ್ಕಳೆಲ್ಲ ಕಿವಿ ಹಿಡಿದುಕೊಂಡೇ ಇದ್ದರು. ನನ್ನ ರಸಾಯನಶಾಸ್ತ್ರ ಆ ಮುಷ್ಟಿಯೊಳಗೆ ಹೋಯಿತು ಎಂದುಕೊಂಡೆ. ದೊಡ್ಡವರಿಗೆ ಮುಜುಗರವಾದರೆ ಅದರ ಸಿಟ್ಟು ಯಾರ ಮೇಲೆ ಬೀಳುತ್ತದೆ ಎಂಬುದು ಸಂಬಳಕ್ಕೆ ಕೆಲಸ ಮಾಡುವ ಎಲ್ಲರಿಗೂ ಗೊತ್ತು.

ಆಗ ಬಾಯಿ ಬಿಟ್ಟವಳು ಮಾದಿಹಳ್ಳಿಯ ಹುಡುಗಿ.

"ಸಾರ್, ಹಾಕ್ಬುಡಿ ಸಾರ್. ಇಂಗಾಲದಾಗೆ ಕರು ಇಲ್ಲ."

"ಯಾಕಿಲ್ಲ?" ಎಂದರು ಅವರು. ತಪ್ಪಿಸಿಕೊಳ್ಳಲು ಕೇಳಿದರೋ ನಿಜಕ್ಕೂ ಕೇಳಿದರೋ ತಿಳಿಯದು.

"ನಾಲ್ಕೂ ಕೊಟ್ಬುಡಕ್ಕೆ ಅದ್ಕೆ ಮನಸಿಲ್ಲ, ಇನ್ನಾಲ್ಕು ಕಿತ್ಕೊಳ್ಳಕ್ಕೆ ತಾಕತ್ತಿಲ್ಲ ಸಾರ್. ಅದ್ಕೇ ನಡುಗೋಡೆ ಮ್ಯಾಲೆ ಇಟ್ಟು ಇಬ್ರೂ ನಮ್ದೇ ಅಂತಾವೆ. ನೋಡಿ, ಹಿಂಗೆ." ಕಿವಿ ಬಿಟ್ಟು ಅಕ್ಕಿ ಅಂಟಿನ ಡಬ್ಬಿ ಎಳೆದುಕೊಂಡಳು. ನನ್ನ ಬೀಜದ ಚೀಲದಿಂದ ಬೇರೆ ಬೀಜ ತೆಗೆದು ಏಣಿನ ಮೇಲೆ ಜೋಡಿ ಜೋಡಿಯಾಗಿ ಅಂಟಿಸಿ, ಇಂಗಾಲದ ಸುತ್ತ ಎಂಟು, ಒಂದೊಂದು ಜಲಜನಕಕ್ಕೂ ಎರಡು ಎಂದು ಬೆರಳಿಟ್ಟು ತೋರಿಸಿದಳು. "ಕೊಟ್ಟೂ ಇಲ್ಲ, ತಗೊಂಡೂ ಇಲ್ಲ. ಯಾರ್ದೂ ಕಮ್ಮಿ ಆಗ್ಲಿಲ್ಲ."

ಪರಿವೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿ, ಸಾರಜನಕ ಹಾಕು. ಜಲಜನಕದ ಜೊತೆ."

ಅವಳು ನನ್ನ ಮುಖ ನೋಡಿದಳು. ಅದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ. ಐದು ಎಂದು ಬೆರಳಲ್ಲಿ ತೋರಿಸಿದೆ, ಅಷ್ಟೆ. ಅವಳು ಗುಳಿಗೆ ಐದು ಬೀಜ ಹಾಕಿದಳು, ಎಂಟಕ್ಕೆ ಮೂರು ಕಮ್ಮಿ ಎಂದು ತುಟಿಯಲ್ಲೇ ಲೆಕ್ಕ ಹಾಕಿದಳು, ಮೂರು ಕಡೆ ಮೂರು ಜಲಜನಕ ಕೂರಿಸಿದಳು, ಏಣಿನ ಮೇಲೆ ಮೂರು ಜೋಡಿ ಇಟ್ಟಳು. ಗುಳಿಯೊಳಗೆ ಎರಡು ಉಳಿದವು.

"ಇವೆರಡು?"

"ಅವು ಅದರ ಮನೇವು ಸಾರ್. ಯಾರ್ನೂ ಮುಟ್ಟುಸಲ್ಲ."

ಪರಿವೀಕ್ಷಕರ ಹುಬ್ಬಿನ ಗಂಟು ಬಿಚ್ಚಿತು. "ಅಮೋನಿಯಾ," ಎಂದರು, ದೇವರ ಹೆಸರು ಹೇಳಿದ ಹಾಗೆ. "ಪುಸ್ತಕ ನೋಡದೆ ಅಮೋನಿಯಾ ಮಾಡಿದಳಲ್ಲ! ಇವರ ಕೈಲೇ ಇರಲಿ ಹೆಡ್ಮಾಸ್ತರೇ ರಸಾಯನಶಾಸ್ತ್ರ. ಬದಲಾಯಿಸೋ ಯೋಚನೆ ಏನಾದರೂ ಇತ್ತೇ?"

"ಎಲ್ಲಾದರೂ ಉಂಟೇ ಸಾರ್," ಎಂದರು ಹೆಡ್ಮಾಸ್ತರು. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಗಣಿತದ ಮೇಷ್ಟ್ರು "ಅಬ್ಬಾ" ಎಂದದ್ದು ಒಳಗೆ ಎಲ್ಲರಿಗೂ ಕೇಳಿಸಿತು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹೆಡ್ಮಾಸ್ತರಿಗೆ ಇನ್ನೇನೋ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಆದರೂ ಸಾರ್, ತಪ್ಪು ತಿಳೀಬೇಡಿ. ಆ ಗುಳಿ ಆಚೆ ಸಾಲಿನದು. ತಾವು ಈಚೆ ಕಡೆ ನಿಂತಿದ್ರಿ. ಕರು ತಮಗೆ ಬರಲ್ಲ."

ನಾನು ಬೆಚ್ಚಿಬಿದ್ದೆ. ಶಿವರಾತ್ರಿ ಜಾಗರಣೆ ಎಂದು ಹಂಗಿಸಿದವರು ಇವರೇನಾ?

"ನಮ್ಮ ಬೇಲೂರಿನ ಕಡೆ ಮೊದಲು ಕಂಡವರಿಗೆ ಕರು ಸ್ವಾಮಿ," ಎಂದರು ಪರಿವೀಕ್ಷಕರು.

"ಅದು ಆಟವೇ ಅಲ್ಲ ಸಾರ್, ದರೋಡೆ! ನಮ್ಮ ಕಣಕಟ್ಟೆಗೆ ಬನ್ನಿ, ನಮ್ಮ ಅರಸೀಕೆರೆ ಸೀಮೆಯಲ್ಲಿ ಯಾರನ್ನಾದರೂ ಕೇಳಿ."

"ಹಾಕಿ ಮಣೆ, ನೋಡೇಬಿಡೋಣ."

ಗಂಟೆ ಹೊಡೆಯಿತು. ಮಕ್ಕಳು ಕದಲಲಿಲ್ಲ. ಮುಂದಿನ ಪಿರಿಯಡ್ಡು ಡ್ರಿಲ್ಲು. ಡ್ರಿಲ್ ಮೇಷ್ಟ್ರೂ ಬಂದು ನಿಂತರು. ಅಂದಿನ ಪಂದ್ಯದಲ್ಲಿ ಗೆದ್ದವರು ಯಾರು ಎಂದು ಈಗಲೂ ಹೇಳಲಾರೆ, ಏಕೆಂದರೆ ಇಬ್ಬರೂ ಬೇರೆ ಬೇರೆ ನಿಯಮದಲ್ಲಿ ಆಡಿ ಇಬ್ಬರೂ ಗೆದ್ದರು.

ಹೊರಡುವಾಗ ಪರಿವೀಕ್ಷಕರು ಮಣೆಯನ್ನು ತಟ್ಟಿ "ಇದು ಒಳ್ಳೆಯ ಉಪಕರಣ. ಜೋಪಾನವಾಗಿ ಬೀರುವಿನಲ್ಲಿಡಿ" ಎಂದರು. ಹೆಡ್ಮಾಸ್ತರು ಕೋಟಿನ ಗುಂಡಿ ಬಿಚ್ಚಿದರು, ಅಂಗಿಯ ಗುಂಡಿ ಬಿಚ್ಚಿದರು, ಜನಿವಾರದಿಂದ ಬೀಗದ ಕೈ ತೆಗೆದರು. ನಾನು "ಸಾರ್, ಅದು ನಮ್ಮ ಅತ್ತೆ..." ಎನ್ನುವಷ್ಟರಲ್ಲಿ ಮಣೆ ಒಳಗೆ ಹೋಗಿ ಹಲ್ಲಿಯ ಪಕ್ಕದಲ್ಲಿ ಕೂತಿತು. ಬೀಗ ಬಿತ್ತು. ಬಸ್ಸು ಹಿಡಿಸಲು ಇಬ್ಬರೂ ಓಡಿದರು. ಆಗ ನೆನಪಾಯಿತು, ಪರಿವೀಕ್ಷಕರು ಬಾಚಿಕೊಂಡ ನಾಲ್ಕು ಬೀಜ ಅವರ ಜೇಬಿನಲ್ಲೇ ಹಾಸನಕ್ಕೆ ಹೋಗುತ್ತಿದ್ದವು.

ಮಧ್ಯಾಹ್ನ ಬರಿಗೈಯಲ್ಲಿ ಮನೆಗೆ ಬಂದೆ. ಅತ್ತೆ, ಪಕ್ಕದ ಮನೆಯವರು ಇಬ್ಬರೂ ಜಗಲಿಯಲ್ಲಿ ಎದುರುಬದುರಾಗಿ ಕೂತು ನಡುವೆ ಮಣೆಯಷ್ಟು ಜಾಗ ಬಿಟ್ಟುಕೊಂಡಿದ್ದರು.

"ಮಣೆ ಎಲ್ಲಿ?"

"ಬೀರುವಿನಲ್ಲಿದೆ ಅತ್ತೆ."

"ಯಾರ ಬೀರು?"

"ಸರ್ಕಾರದ್ದು."

ಪಕ್ಕದ ಮನೆಯವರು ಎದ್ದು ಹೋದರು. ಅತ್ತೆ ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದೆ ಇರುವುದು ಅವರಿಗೆ ಕಷ್ಟ. ಹಾಗಾಗಿ ಚೊಂಬಿನ ಜೊತೆ ಮಾತಾಡಿದರು.

ಸಂಜೆ ನಮ್ಮವರು ಬಂದು ವಿಷಯ ಕೇಳಿ "ಅಂತೂ ಇವಳ ಪಾಠ ಉಳೀತಲ್ಲಮ್ಮ" ಎಂದರು.

"ಅವಳ ಕೆಲಸ ಉಳೀತು ಕಣೋ, ನನ್ನ ಕೆಲಸ ಹೋಯ್ತು," ಎಂದರು ಅತ್ತೆ. "ಅವಳ ಇಂಗಾಲಕ್ಕೆ ಬೆಂಕಿ ಹಾಕ."

"ಹಾಕಿದ್ರೆ ಚೆನ್ನಾಗಿ ಉರಿಯತ್ತೆ ಅತ್ತೆ," ಎಂದುಬಿಟ್ಟೆ. ನಮ್ಮವರು ಕೆಮ್ಮಿದರು. ಅತ್ತೆ ನಗು ತಡೆದುಕೊಂಡು ಮುಖ ಆಚೆ ತಿರುಗಿಸಿದರು.

ಸ್ವಲ್ಪ ಹೊತ್ತಾದ ಮೇಲೆ ಅಡಿಗೆಮನೆಗೆ ಬಂದು ಕೇಳಿದರು. "ಹಂಚ್ಕೊಳ್ಳೋದು ಅಂತೆಲ್ಲ ಪಾಠ ಮಾಡ್ತೀಯಲ್ಲ, ಅದು ಮಕ್ಕಳಿಗೆ ಮಾತ್ರಾನೋ, ನಮಗೂ ಉಂಟೋ?"

"ಯಾಕತ್ತೆ?"

"ನಾಳೆ ಶನಿವಾರ, ಬೆಳಗಿನ ಸ್ಕೂಲು. ಮುಗಿದ ಮೇಲೆ ತಗೊಂಡು ಬಾ. ಸೋಮವಾರ ತಗೊಂಡು ಹೋಗು. ನಿಂದೂ ಅಂತ ನೀನು ಅನ್ಕೋ, ನಂದೂ ಅಂತ ನಾನು ಅನ್ಕೋತೀನಿ."

"ಹೆಡ್ಮಾಸ್ತರು ಬೀಗ ತೆಗೀಬೇಕಲ್ಲ."

"ತೆಗೀದಿದ್ರೆ ನಾನೇ ಬರ್ತೀನಿ. ಆಟ ಬರತ್ತೆ ಅಂದ್ಯಲ್ಲ ಆ ಮನುಷ್ಯನಿಗೆ? ಆಡ್ಲಿ. ಸೋತ್ರೆ ಬೀಗದ ಕೈ ಬಿಚ್ಲಿ."

ಹೆಡ್ಮಾಸ್ತರು ಜನಿವಾರ ಸಮೇತ ಸೋಲುವುದು ಖಂಡಿತ ಎಂದು ನನಗೆ ಆಗಲೇ ಧೈರ್ಯ ಬಂತು.

ರಾತ್ರಿ ಮುದ್ದೆ, ಸೊಪ್ಪಿನ ಬಸ್ಸಾರು, ಬಸಿದ ಸೊಪ್ಪಿನ ಪಲ್ಯ, ಆಮೇಲೆ ಒಂದೊಂದು ಸೌಟು ಅನ್ನಕ್ಕೆ ಮಜ್ಜಿಗೆ. ಸಾರಿಗೆ ಹುಣಸೆಹಣ್ಣು ನೆನೆಸುವಾಗ ಅತ್ತೆ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು, ಹಣ್ಣಿನಿಂದ ನಾಲ್ಕು ಒಳ್ಳೆಯ ಬೀಜ ಬಿಡಿಸಿ ತೊಳೆದು, ಒಲೆಯ ಕಟ್ಟೆಯ ಮೇಲೆ ಒಣಗಲು ಇಟ್ಟರು, ಹಾಸನಕ್ಕೆ ಹೋದ ಕರುವಿನ ಬದಲಿಗೆ. ನಮ್ಮವರು ಹಾಸಿಗೆಯಲ್ಲಿ "ಈ ಮೀಥೇನ್ ಅಂದ್ರೆ..." ಎಂದು ಕೇಳಲು ಶುರುಮಾಡಿ, ಪ್ರಶ್ನೆ ಮುಗಿಯುವ ಮುಂಚೆ ಗೊರಕೆ ಹೊಡೆದರು. ಮೊದಲು ಮಲಗಿದ್ದು ಅವರೇ. ಅತ್ತೆ ಇನ್ನೂ ಮಲಗಿರಲಿಲ್ಲ; ಕತ್ತಲಲ್ಲಿ ಚಾಪೆಯ ಮೇಲೆ ಕೂತು ಬೆರಳಲ್ಲಿ ಏನೋ ಎಣಿಸುತ್ತಾ ನಾಳೆಯ ಆಟ ಆಡಿಕೊಳ್ಳುತ್ತಿದ್ದರು.